‘ಶೇ 47ರಷ್ಟು ಕೆಲಸ ಹೋಗುತ್ತದೆ’ ಅಂತ ಬರೆಯುವ ಮೊದಲು ಏನೇನು ನೋಡಬೇಕು?

ಮಸಿಕುಡಿಕೆ (ಪ್ರಶ್ನೆ):
ಕೆಲಸದ ಸ್ವರೂಪ ಬದಲಾಗುತ್ತಿರುವ ಬಗ್ಗೆ ಐದು ಕಂತಿನ ಸರಣಿಗೆ ತಯಾರಿ ನಡೆದಿದೆ. ಫ್ರೀಲಾನ್ಸ್ ಬರವಣಿಗೆ, ಅಂಕಿಅಂಶ ತಾಳೆ ನೋಡಿಕೊಡಲು ಹಿಂದೆ ಡೆಸ್ಕ್ ಇಲ್ಲ. ಮೂರು ಕಡೆ ಗೊಂದಲ. ಯಂತ್ರಗಳಿಂದ ಹೋಗಬಹುದಾದ ಕೆಲಸ ಒಂದು ಅಧ್ಯಯನದಲ್ಲಿ ಶೇ 47, ಇನ್ನೊಂದರಲ್ಲಿ ಶೇ 9, ಯಾವುದನ್ನು ನಂಬಲಿ? ಆ್ಯಪ್ ಮೂಲಕ ದುಡಿಯುವವರ ಗಳಿಕೆ ವಿಷಯದಲ್ಲಿ ಕಂಪನಿಗಳ ಲೆಕ್ಕವೇ ಬೇರೆ, ಕೆಲಸಗಾರರ ಲೆಕ್ಕವೇ ಬೇರೆ. ಇನ್ನು ವಾರಕ್ಕೆ ನಾಲ್ಕು ದಿನದ ಕೆಲಸದ ಪ್ರಯೋಗ ‘ಯಶಸ್ವಿ’ ಎಂದು ಬರೆದರೆ ತಪ್ಪೇ?

ಛೇದ:
47 ಮತ್ತು 9 ಎರಡನ್ನೂ ಅಕ್ಕಪಕ್ಕ ಇಟ್ಟು ‘ತಜ್ಞರಲ್ಲೇ ಒಮ್ಮತವಿಲ್ಲ’ ಎಂದು ಬರೆಯಬೇಡಿ. ಅಳೆದ ವಸ್ತುವೇ ಬೇರೆ.

47 ಬಂದದ್ದು ಆಕ್ಸ್‌ಫರ್ಡ್‌ನ ಫ್ರೇ ಮತ್ತು ಓಸ್‌ಬೋರ್ನ್ 2013ರಲ್ಲಿ ಮಾಡಿದ ಲೆಕ್ಕದಿಂದ. ಅಮೆರಿಕದ 702 ವೃತ್ತಿಗಳಲ್ಲಿ 70ಕ್ಕೆ ಮಾತ್ರ ‘ಯಂತ್ರ ಮಾಡಬಲ್ಲದು’, ‘ಮಾಡಲಾರದು’ ಎಂದು ಕೈಯಾರೆ ಗುರುತು ಹಾಕಿದರು. ಉಳಿದವನ್ನು ಅದರ ಆಧಾರದ ಮೇಲೆ ಮಾಡೆಲ್ ಅಂದಾಜಿಸಿತು. ಸಾಧ್ಯತೆ ಶೇ 70 ದಾಟಿದರೆ ‘ಹೆಚ್ಚು ಅಪಾಯ’; 47 ಎಂದರೆ ಆ ಗುಂಪಿಗೆ ಬಿದ್ದ ಉದ್ಯೋಗಗಳ ಪಾಲು. ಅದು ತಾಂತ್ರಿಕವಾಗಿ ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ. ಮಾಲೀಕ ಯಂತ್ರ ಕೊಳ್ಳುತ್ತಾನೋ, ಹೊಸ ಕೆಲಸ ಎಷ್ಟು ಹುಟ್ಟುತ್ತದೋ ಎಂಬುದು ಅದರಲ್ಲಿಲ್ಲ.

9 ಬಂದದ್ದು 2016ರಲ್ಲಿ ಆರ್ನ್ಟ್ಸ್, ಗ್ರೆಗರಿ ಮತ್ತು ಝೀರಾನ್ ಒಇಸಿಡಿಯ (ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಕೂಟ) 21 ದೇಶಗಳಿಗೆ ಮಾಡಿದ ಲೆಕ್ಕದಿಂದ. ಗಡಿ ಅದೇ ಶೇ 70. ಆದರೆ ವೃತ್ತಿಯ ಹೆಸರನ್ನು ಬಿಟ್ಟು, ಒಬ್ಬೊಬ್ಬರೂ ನಿಜವಾಗಿ ಏನೇನು ಮಾಡುತ್ತಾರೆ ಎಂಬುದನ್ನು ಸಮೀಕ್ಷೆಯಿಂದ ತೆಗೆದುಕೊಂಡರು. ಹೆಸರಿಗೆ ‘ಲೆಕ್ಕ ಬರೆಯುವ ಗುಮಾಸ್ತ’. ಆದರೆ ಅವರಲ್ಲೊಬ್ಬರು ದಿನದ ಅರ್ಧ ಬಾಕಿದಾರರ ಜೊತೆ ಮಾತಾಡುತ್ತಲೇ ಕಳೆಯುತ್ತಾರೆ. ಆ ಅರ್ಧ ಎಣಿಕೆಗೆ ಸಿಕ್ಕಿದ್ದೇ ಸಂಖ್ಯೆ ಕುಸಿಯಿತು.

ಪ್ರತಿ ಅಂಕಿಗೂ ನಾಲ್ಕು ಕಾಲಂ ಮಾಡಿಕೊಳ್ಳಿ: ಯಾವುದರಲ್ಲಿ ಎಷ್ಟು, ಯಾರನ್ನು ಕೇಳಿದ್ದು, ಯಾವ ಊಹೆ, ಯಾವ ವರ್ಷದವರೆಗೆ. ಒಂದು ಕಾಲಂ ಖಾಲಿ ಉಳಿದರೂ ಆ ಅಂಕಿ ಹೆಡ್ಡಿಂಗ್‌ಗೆ ಬೇಡ. ವಿಶ್ವ ಆರ್ಥಿಕ ವೇದಿಕೆಯ ವರದಿಯನ್ನೇ ಇದಕ್ಕೆ ಹಾಕಿ ನೋಡಿ. 2023ರಲ್ಲಿ ಐದು ವರ್ಷದಲ್ಲಿ ನಿವ್ವಳ 1.4 ಕೋಟಿ ಕೆಲಸ ಕಡಿಮೆಯಾಗುತ್ತದೆ ಎಂದಿತು. 2025ರಲ್ಲಿ 17 ಕೋಟಿ ಹುಟ್ಟಿ 9.2 ಕೋಟಿ ಹೋಗಿ, 2030ರ ಹೊತ್ತಿಗೆ ನಿವ್ವಳ 7.8 ಕೋಟಿ ಹೆಚ್ಚಾಗುತ್ತದೆ ಎಂದಿತು. ಎರಡು ವರ್ಷದಲ್ಲಿ ಮೈನಸ್ಸು ಪ್ಲಸ್ಸಾಯಿತು! ಇದರ ಮುಖ್ಯ ಆಧಾರ ಉದ್ಯೋಗದಾತರ ಸಮೀಕ್ಷೆ, ಅಂದರೆ ಅವರ ನಿರೀಕ್ಷೆ. ‘ಆಗಲಿದೆ’ ಅಲ್ಲ, ‘ಎಂದು ಕಂಪನಿಗಳು ಅಂದುಕೊಂಡಿವೆ’.

ಇನ್ನೊಂದು ಪದ ಜೋಪಾನ: ‘ಎಕ್ಸ್‌ಪೋಷರ್’, ಅಂದರೆ ತಂತ್ರಜ್ಞಾನದ ಪ್ರಭಾವಕ್ಕೆ ಒಡ್ಡಿಕೊಂಡಿರುವುದು. ಜನರೇಟಿವ್ ಎಐ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2023ರಲ್ಲಿ, ಗುಮಾಸ್ತಿಕೆಯ ಕೆಲಸಗಳೊಳಗಿನ ಬಿಡಿ ಕಾರ್ಯಗಳಲ್ಲಿ ಶೇ 24ರಷ್ಟಕ್ಕೆ ಅದು ಹೆಚ್ಚು ಎಂದಿತು. ಶೇ 24 ಗುಮಾಸ್ತರು ಮನೆಗೆ ಹೋಗುತ್ತಾರೆ ಎಂದು ಅದು ಹೇಳಿಲ್ಲ.

ಕಾಲುದಾರಿ:
ಗಳಿಕೆಯ ಜಗಳ ಬಹುಪಾಲು ‘ಗಂಟೆ’ ಅಂದರೇನು ಎಂಬುದರ ಜಗಳ. ಒಬ್ಬರು 10 ಗಂಟೆ ಲಾಗಿನ್ ಆಗಿದ್ದಾರೆ, ಆರ್ಡರ್ ಕೈಯಲ್ಲಿದ್ದದ್ದು 6 ಗಂಟೆ, ಬಂದ ಹಣ 900 ಅಂದುಕೊಳ್ಳಿ (ಯಾವ ನಾಣ್ಯವಾದರೂ ಸರಿ). ಆರ್ಡರ್ ಇದ್ದ ಗಂಟೆಗೆ ಭಾಗಿಸಿದರೆ 150. ಲಾಗಿನ್ ಗಂಟೆಗೆ 90. ಖರ್ಚು 300 ಕಳೆದರೆ 60. ಮೂರೂ ಸುಳ್ಳಲ್ಲ, ಆದರೆ 150 ಮಾತ್ರ ಜಾಹೀರಾತಿಗೆ ಹೋಗುತ್ತದೆ.

ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಊಬರ್ ಪ್ರಕರಣದಲ್ಲಿ, ಚಾಲಕ ತನ್ನ ಪ್ರದೇಶದಲ್ಲಿ ಆ್ಯಪ್ ತೆರೆದು ಬಾಡಿಗೆಗೆ ಸಿದ್ಧನಿದ್ದ ಹೊತ್ತೂ ಕೆಲಸದ ಹೊತ್ತೇ ಎಂದಿತು. ಮರುತಿಂಗಳು ಕಂಪನಿ ಕನಿಷ್ಠ ವೇತನ ಘೋಷಿಸಿದ್ದು ಬಾಡಿಗೆ ಒಪ್ಪಿಕೊಂಡ ಕ್ಷಣದಿಂದ. ಆಮೇಲೆ ಉಳಿದ ಜಗಳ ಛೇದದ್ದು, ಅಂದರೆ ಹಣವನ್ನು ಯಾವ ಗಂಟೆಯಿಂದ ಭಾಗಿಸಬೇಕು ಎಂಬುದರದ್ದು.

ಒಂದು ದಿನದ ಲೆಕ್ಕ ಬೇಡ. ಇನ್ಸೆಂಟಿವ್ ಎಷ್ಟೋ ಕಡೆ ವಾರದ ಗುರಿಗೆ ಕಟ್ಟಿರುತ್ತದೆ, ಆದ್ದರಿಂದ ಕನಿಷ್ಠ ನಾಲ್ಕು ಪೂರ್ತಿ ವಾರ. ಖರ್ಚಿಗೆ ಇಂಧನ ಒಂದೇ ಹಿಡಿದರೆ ಸಾಲದು: ಟೈರು, ಸರ್ವಿಸ್, ವಿಮೆ, ಡೇಟಾ, ಗಾಡಿಯ ಸವಕಳಿ.

ಸ್ಕ್ರೀನ್‌ಶಾಟ್ ಪ್ರಕಟಿಸಲೇಬೇಡಿ. ಆರ್ಡರ್ ಸಂಖ್ಯೆ ಮಸುಕು ಮಾಡಿದರೂ ಸಮಯ, ದೂರ, ಮೊತ್ತ ಮೂರೇ ಸಾಕು, ಯಾರೆಂದು ಕಂಪನಿಗೆ ಗೊತ್ತಾಗಬಹುದು, ಐಡಿ ಬ್ಲಾಕ್ ಆಗಬಹುದು. ಅಂಕಿಗಳನ್ನು ನೀವೇ ಟೈಪ್ ಮಾಡಿ, ವಾರದ ಮೊತ್ತವಾಗಿ ಕೂಡಿಸಿ, ಹತ್ತಿರದ ನೂರಕ್ಕೆ ದುಂಡು ಮಾಡಿ ಕೊಡಿ. ಮೂಲ ಚಿತ್ರ ಫೋನಿನ ಗ್ಯಾಲರಿಯಲ್ಲಿ ಉಳಿದರೆ ಕ್ಲೌಡ್‌ಗೂ ಹೋಗಿರಬಹುದು, ಅದನ್ನೂ ನೋಡಿ.

ಛೇದ:
@ಕಾಲುದಾರಿ, ಒಂದು ತಿದ್ದುಪಡಿ. ಒಬ್ಬರೇ ಏಕಕಾಲಕ್ಕೆ ಎರಡು ಆ್ಯಪ್‌ನಲ್ಲಿ ಲಾಗಿನ್ ಆಗಿರುವುದು ಸಾಮಾನ್ಯ. ಎರಡರ ಲಾಗಿನ್ ಗಂಟೆ ಕೂಡಿಸಿದರೆ 10 ಗಂಟೆ 20 ಆಗಿ, ಗಳಿಕೆ ಅರ್ಧಕ್ಕಿಳಿದಂತೆ ಕಾಣುತ್ತದೆ. ಕಂಪನಿಯವರು ಮೊದಲು ಹಿಡಿಯುವ ತಪ್ಪು ಇದೇ. ಗಡಿಯಾರದ ಗಂಟೆ ಬರೆಸಿಕೊಳ್ಳಿ, ಎರಡೂ ಆ್ಯಪ್‌ನ ಹಣ ಒಟ್ಟಿಗೆ ಹಿಡಿಯಿರಿ.

ಕೆಂಪುಶಾಯಿ:
ನಾಲ್ಕು ದಿನದ ವಾರದ ಬಗ್ಗೆ. ಐಸ್‌ಲ್ಯಾಂಡಿನ 2015–2019ರ ಪ್ರಯೋಗವನ್ನು ಹಲವರು ‘ನಾಲ್ಕು ದಿನ’ ಎಂದೇ ಬರೆದರು. ಅಲ್ಲಿ ಸುಮಾರು 2,500 ಜನರಲ್ಲಿ ಹೆಚ್ಚಿನವರಿಗೆ ವಾರದ 40 ಗಂಟೆ 35 ಅಥವಾ 36ಕ್ಕೆ ಇಳಿಯಿತು, ಅಷ್ಟೆ. ದಿನ ಕಡಿಮೆಯಾಯಿತೋ ಗಂಟೆಯೋ, ಸಂಬಳ ಅಷ್ಟೇ ಉಳಿಯಿತೋ ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಿ.

ಬ್ರಿಟನ್ನಿನ 2022ರ ಪ್ರಯೋಗದಲ್ಲಿ 61 ಸಂಸ್ಥೆ, ಸುಮಾರು 2,900 ಉದ್ಯೋಗಿಗಳು. 56 ಸಂಸ್ಥೆಗಳು ಮುಂದುವರಿಸಿದವು. ಇದನ್ನು ‘ಶೇ 92 ಕಂಪನಿಗಳಿಗೆ ಇಷ್ಟವಾಯಿತು’ ಎಂದರೆ ಕೆಟ್ಟಿತು. ತಾವಾಗಿ ಬಂದು ಸೇರಿದ ಸಂಸ್ಥೆಗಳವು, ಹೋಲಿಸಲು ಬೇರೆ ಗುಂಪಿರಲಿಲ್ಲ. ಇದಕ್ಕೆ ಎದುರಾಗಿ, ಚೀನಾದ ಟ್ರಿಪ್.ಕಾಮ್‌ನಲ್ಲಿ 1,612 ಜನರನ್ನು ಹುಟ್ಟಿದ ತಾರೀಖು ಸರಿಯೋ ಬೆಸವೋ ಎಂಬುದರ ಮೇಲೆ ವಿಂಗಡಿಸಿ, ಒಂದು ಗುಂಪಿಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಕೊಟ್ಟರು. ರಾಜೀನಾಮೆ ಮೂರನೇ ಒಂದರಷ್ಟು ತಗ್ಗಿತು, ಕೆಲಸದ ಮೌಲ್ಯಮಾಪನದಲ್ಲಿ ವ್ಯತ್ಯಾಸ ಕಾಣಲಿಲ್ಲ (2024ರಲ್ಲಿ ಪ್ರಕಟ). ವಿಷಯ ಬೇರೆ, ಆದರೆ ಪುರಾವೆಯ ತೂಕ ಹೇಗಿರಬೇಕು ಎಂದು ಓದುಗರಿಗೆ ತೋರಿಸಲು ಒಳ್ಳೆಯ ಜೋಡಿ.

ಕೇಳದಿದ್ದರೂ ಒಂದು ಮಾತು: ಐದು ಕಂತಿನ ಸರಣಿ ಅಂದರೆ ಮಧ್ಯದಲ್ಲಿ ನಿಂತುಹೋದರೆ ಕೊಡುವ ಕಿಲ್ ಫೀ ಎಷ್ಟು, ಅದು ಕಂತಿಗೋ ಒಟ್ಟಿಗೋ ಎಂಬುದನ್ನು ಮೇಲ್‌ನಲ್ಲಿ ಬರೆಸಿಕೊಂಡೇ ಶುರು ಮಾಡಿ.

ಮಸಿಕುಡಿಕೆ:
ಎಲ್ಲರಿಗೂ ಧನ್ಯವಾದ. ಗಂಟೆಯ ವ್ಯಾಖ್ಯೆ ಏನು ಎಂದು ಕೇಳಿದರೆ ಕಂಪನಿ ಉತ್ತರಿಸದಿದ್ದರೆ?

ಕೆಂಪುಶಾಯಿ:
‘ನಿಮ್ಮ ಗಳಿಕೆ ನೀತಿ ಏನು’ ಎಂದು ಕೇಳಿದರೆ ಪ್ರೆಸ್‌ನೋಟ್ ಬರುತ್ತದೆ. ಬದಲಿಗೆ ನಿಮ್ಮದೇ ಲೆಕ್ಕ ಕಳಿಸಿ, ‘ಇದರಲ್ಲಿ ತಪ್ಪೆಲ್ಲಿದೆ, ಕಾಯುವ ಹೊತ್ತನ್ನು ನೀವು ಸೇರಿಸುತ್ತೀರಾ’ ಎಂದು ಕೇಳಿ. ಆದರೆ ಯಾವ ಕೆಲಸಗಾರನ ವಾರ ಎಂದು ಗೊತ್ತಾಗದಂತೆ, ಹಲವರ ಸರಾಸರಿ ಮಾತ್ರ ಕೊಡಿ. ಮೂರು ಕೆಲಸದ ದಿನ ಗಡುವು, ಒಂದು ಜ್ಞಾಪನೆ. ಆಮೇಲೂ ಸುಳಿವಿಲ್ಲದಿದ್ದರೆ ‘ಪ್ರತಿಕ್ರಿಯೆ ಬರಲಿಲ್ಲ’ ಎಂದು ಬರೆಯಿರಿ. ‘ಪ್ರತಿಕ್ರಿಯಿಸಲು ನಿರಾಕರಿಸಿತು’ ಅಂತ ಹಾಕಬೇಕಾದರೆ ಅವರು ನಿರಾಕರಿಸಿದ ಮೇಲ್ ಕೈಯಲ್ಲಿರಬೇಕು.