ಕರ್ಸರ್ ಎಡಿಟರ್‌ಗೆ ಕಾಯಂ ಮೆಮೊರಿ: ರೂಲ್ಸ್ ಫೈಲ್ ಸಾಕಾ, ಎಂಸಿಪಿ ಸರ್ವರ್ ಬೇಕಾ?

ಪ್ರಶ್ನೆ
ಎಐ ಇರುವ ಕೋಡ್ ಎಡಿಟರ್ ಕರ್ಸರ್‌ನಲ್ಲಿ ಹೊಸ ಚಾಟ್ ತೆರೆದರೆ ಹಳೆಯದೆಲ್ಲ ಖಾಲಿ. ಪ್ಯಾಕೇಜ್ ಹಾಕಲು ಎನ್‌ಪಿಎಂ ಬೇಡ, ಪಿಎನ್‌ಪಿಎಂ ಬಳಸು, ಡೇಟಾಬೇಸ್ ರಚನೆ ಬದಲಿಸುವ ಹಳೇ ಮೈಗ್ರೇಶನ್ ಫೈಲ್ ಮುಟ್ಟಬೇಡ ಅಂತ ದಿನಾ ಹೇಳಬೇಕು. ನೋಡ್ ಜೆಎಸ್ ಮೇಲೆ ಓಡುವ ಅಧಿಕೃತ ಎಂಸಿಪಿ (ಎಐಗೆ ಹೊರಗಿನ ಟೂಲ್ ಜೋಡಿಸುವ ವ್ಯವಸ್ಥೆ) ಮೆಮೊರಿ ಸರ್ವರ್ ಹಾಕಿದ್ದೇನೆ, ಸೆಟ್ಟಿಂಗ್ಸ್‌ನಲ್ಲಿ ಟೂಲ್‌ಗಳೂ ಕಾಣುತ್ತವೆ. ಆದರೆ ಏಜೆಂಟ್ (ಕರ್ಸರ್‌ನಲ್ಲಿ ಕೆಲಸ ಮಾಡುವ ಎಐ) ಅದರ ಕಡೆ ತಲೆಯೇ ಹಾಕುವುದಿಲ್ಲ. ಏನು ಬಿಟ್ಟುಹೋಗಿದೆ?

ಉತ್ತರ 1
ನೀವು ಹೇಳಿದ ಎರಡೂ ನಿಯಮಗಳು. ಅವುಗಳಿಗೆ ಸರ್ವರ್ ಬೇಕಿಲ್ಲ. ಪ್ರಾಜೆಕ್ಟ್‌ನ ಡಾಟ್ ಕರ್ಸರ್ ಫೋಲ್ಡರ್ ಒಳಗೆ ರೂಲ್ಸ್ ಫೋಲ್ಡರ್ ಮಾಡಿ, ಅಲ್ಲಿ ಎಂಡಿಸಿ ಎಕ್ಸ್‌ಟೆನ್ಶನ್‌ನ ಎರಡು ಫೈಲ್ ಇಡಿ. ಪಿಎನ್‌ಪಿಎಂ ವಿಷಯದ್ದಕ್ಕೆ ಮೇಲ್ಗಡೆ ಆಲ್ವೇಸ್‌ಅಪ್ಲೈ ಟ್ರೂ ಕೊಡಿ. ಮೈಗ್ರೇಶನ್‌ದಕ್ಕೆ ಅದು ಫಾಲ್ಸ್ ಇರಲಿ, ಯಾವ ಫೈಲ್‌ಗಳಿಗೆ ಅನ್ವಯ ಎಂದು ಹೇಳುವ ಗ್ಲಾಬ್ಸ್‌ನಲ್ಲಿ ಮೈಗ್ರೇಶನ್ ಫೋಲ್ಡರ್‌ನ ಪಾತ್ ಹಾಕಿ. ಅಲ್ಲಿನ ಫೈಲ್ ಚಾಟ್‌ಗೆ ಬಂದಾಗ ಮಾತ್ರ ಈ ರೂಲ್ ಸೇರುತ್ತದೆ. ಸದಾ ಸೇರುವ ಫೈಲ್ ಪ್ರತಿ ಚಾಟ್‌ನಲ್ಲೂ ಟೋಕನ್ (ಮಾಡೆಲ್ ಓದುವ ಪಠ್ಯದ ತುಣುಕು) ತಿನ್ನುತ್ತದೆ, ಹಾಗಾಗಿ ಹತ್ತಿಪ್ಪತ್ತು ಸಾಲಲ್ಲಿ ಮುಗಿಸಿ. ಗಿಟ್‌ಗೆ ಕಮಿಟ್ ಮಾಡಿದರೆ ಟೀಮಿನವರಿಗೆಲ್ಲ ಸಿಗುತ್ತದೆ.

ಉತ್ತರ 2
ಸರ್ವರ್ ವಿಚಾರಕ್ಕೆ ಬರೋಣ. ಟೂಲ್ ಇದ್ದ ಮಾತ್ರಕ್ಕೆ ಮಾಡೆಲ್ ಅದನ್ನು ಕರೆಯುವುದಿಲ್ಲ, ಕರೆಯಲು ಹೇಳಬೇಕು. ಅದೇ ರೂಲ್ಸ್ ಫೈಲ್‌ನಲ್ಲಿ ಹೀಗೆ ಬರೆಯಿರಿ: ಕೆಲಸ ಶುರುವಾಗುವ ಮುಂಚೆ ಸರ್ಚ್ ನೋಡ್ಸ್ ಕರೆ, ಹೊಸ ನಿರ್ಧಾರವಾದರೆ ಆಡ್ ಅಬ್ಸರ್ವೇಶನ್ಸ್ ಕರೆ, ಎಂಟಿಟಿ (ಆ ವಿಷಯದ ಹೆಸರಿನ ದಾಖಲೆ) ಇಲ್ಲದಿದ್ದರೆ ಮೊದಲು ಕ್ರಿಯೇಟ್ ಎಂಟಿಟೀಸ್. ಈ ಕೊನೆಯದನ್ನು ಬಿಟ್ಟರೆ ಎಂಟಿಟಿ ಸಿಗಲಿಲ್ಲ ಅಂತ ಎರರ್ ಬರುತ್ತದೆ, ವಿಷಯ ಉಳಿಯುವುದಿಲ್ಲ. ರೀಡ್ ಗ್ರಾಫ್ ಬೇಡ ಅಂತಲೂ ಸೇರಿಸಿ. ಅದು ಇಡೀ ಗ್ರಾಫನ್ನು (ಉಳಿಸಿದ ನೆನಪೆಲ್ಲವನ್ನೂ) ತಂದು ಕಾಂಟೆಕ್ಸ್ಟ್‌ಗೆ, ಅಂದರೆ ಮಾಡೆಲ್ ಆ ಹೊತ್ತು ಓದುವ ಪಠ್ಯಕ್ಕೆ, ಸುರಿಯುತ್ತದೆ.

ಹುಡುಕಾಟ ಅರ್ಥ ನೋಡುವುದಿಲ್ಲ, ಬರೀ ಅಕ್ಷರ ಹೋಲಿಸುತ್ತದೆ. 'ಆಥ್' ಅಂತ ಉಳಿಸಿದ್ದು 'ಲಾಗಿನ್' ಅಂದರೆ ಸಿಗದು. ಒಂದೊಂದೇ ಪದ ಕೊಟ್ಟು ಹುಡುಕಿಸಿ.

ನೆನಪು ಉಳಿಸುವ ಫೈಲ್ ಎಲ್ಲಿದೆ ನೋಡಿದ್ದೀರಾ? ಏನೂ ಹೇಳದಿದ್ದರೆ ಪ್ಯಾಕೇಜ್‌ನ ಫೋಲ್ಡರ್‌ನಲ್ಲೇ ಕೂರುತ್ತದೆ. ಪ್ಯಾಕೇಜನ್ನು ತಾತ್ಕಾಲಿಕವಾಗಿ ಇಳಿಸಿ ಓಡಿಸುವ ಎನ್‌ಪಿಎಕ್ಸ್‌ನಿಂದ ಓಡಿಸಿದರೆ ಅದು ಕ್ಯಾಶ್ ಒಳಗೆ. ಕ್ಯಾಶ್ ಅಳಿಸಿದ ದಿನ ನೆನಪೂ ಹೋಯ್ತು. ಸರ್ವರ್‌ನ ಕಾನ್ಫಿಗ್ ಆದ ಎಂಸಿಪಿ ಜೇಸನ್ ಫೈಲ್‌ನ ಎನ್‌ವಿ ಭಾಗದಲ್ಲಿ ಮೆಮೊರಿ ಫೈಲ್ ಪಾತ್ ಎಂಬ ವೇರಿಯಬಲ್‌ಗೆ ಪೂರ್ಣ ಪಾತ್ ಕೊಡಿ. ಹೋಮ್ ಫೋಲ್ಡರ್ ಸೂಚಿಸುವ ಟಿಲ್ಡೆ (~) ಹಾಕಬೇಡಿ: ಅದನ್ನು ಬಿಡಿಸಲು ಅಲ್ಲಿ ಶೆಲ್ ಇರುವುದಿಲ್ಲ, ಸರ್ವರ್ ಅದನ್ನು ರಿಲೇಟಿವ್ ಪಾತ್ ಅಂದುಕೊಂಡು ಮತ್ತೆ ತನ್ನ ಫೋಲ್ಡರ್‌ಗೇ ಹೋಗುತ್ತದೆ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್, ಫೈಲ್ ಕ್ಯಾಶ್ ಒಳಗೇ ಇತ್ತು. ಎಲ್ಲಾ ಪ್ರಾಜೆಕ್ಟ್‌ಗೂ ಒಂದೇ ಫೈಲ್ ಇಟ್ಟರೆ ಆಗುತ್ತಾ?

ಉತ್ತರ 3
ಬೇಡ. ಏಜೆಂಟ್ ಒಂದು ಪ್ರಾಜೆಕ್ಟ್‌ನ ಡೇಟಾಬೇಸ್ ವಿವರವನ್ನು ಇನ್ನೊಂದಕ್ಕೆ ಅನ್ವಯಿಸುತ್ತದೆ. ಕಾನ್ಫಿಗ್ ಅನ್ನು ಹೋಮ್ ಫೋಲ್ಡರ್ ಬದಲು ಪ್ರಾಜೆಕ್ಟ್‌ನ ಡಾಟ್ ಕರ್ಸರ್‌ನಲ್ಲೇ ಇಡಿ, ಪ್ರತಿಯೊಂದಕ್ಕೂ ಬೇರೆ ಪಾತ್. ಸೇವ್ ಮಾಡುವಾಗೆಲ್ಲ ಸರ್ವರ್ ಇಡೀ ಫೈಲನ್ನು ಮರುಬರೆಯುವುದರಿಂದ ಎರಡು ವಿಂಡೋ ಒಂದೇ ಫೈಲಿಗೆ ಕೈಹಾಕಿದರೆ ಒಂದರ ಬರಹ ಅಳಿಯಬಹುದು. ಅಂದಹಾಗೆ ಆ ಮೆಮೊರಿ ಫೈಲ್ ಎನ್‌ಕ್ರಿಪ್ಶನ್ ಇಲ್ಲದ ಸಾದಾ ಪಠ್ಯ, ಎಪಿಐ ಕೀ ಅದರೊಳಗೆ ಸೇರದಂತೆ ನೋಡಿಕೊಳ್ಳಿ.

ನನ್ನನ್ನು ಕೇಳಿದರೆ ನಾಲ್ಕೈದು ಜನರ ಟೀಮಿಗೆ ಗ್ರಾಫ್ ಅತಿಯಾಯ್ತು. ರೆಪೊದಲ್ಲೇ (ಗಿಟ್‌ನಲ್ಲಿರುವ ಕೋಡ್ ಫೋಲ್ಡರ್) ನಿರ್ಧಾರಗಳ ಒಂದು ಮಾರ್ಕ್‌ಡೌನ್ ಫೈಲ್ ಇಟ್ಟು, ಅದನ್ನು ಓದು ಅಂತ ರೂಲ್‌ನಲ್ಲಿ ಬರೆಯಿರಿ. ಏಜೆಂಟ್ ತಪ್ಪು ಬರೆದರೆ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆ ಸೇರುವ ಮುಂಚಿನ ಪರಿಶೀಲನೆ) ಯಾರಾದರೂ ಹಿಡಿಯುತ್ತಾರೆ. ಗ್ರಾಫ್‌ಗೆ ಸೇರಿದ ತಪ್ಪನ್ನು ಯಾರೂ ರಿವ್ಯೂ ಮಾಡುವುದಿಲ್ಲ.