ನಾನು ಅತ್ತರೆ ಒಂದು ಬೆಕ್ಕು ಹತ್ತಿರ ಬರುತ್ತದೆ, ಇನ್ನೊಂದು ಎದ್ದು ಹೋಗುತ್ತದೆ. ಇದು ತಳಿಯ ಗುಣವಾ?

ಪ್ರಶ್ನೆ:
ನಮಸ್ಕಾರ ಡಾಕ್ಟ್ರೇ. ನಮ್ಮ ಮನೆಯಲ್ಲಿ ಎರಡು ಬೆಕ್ಕುಗಳಿವೆ. ಒಂದು ಸಯಾಮೀಸ್, ಹೆಣ್ಣು, ಆರು ವರ್ಷ. ಇನ್ನೊಂದು ಪರ್ಷಿಯನ್, ಗಂಡು, ನಾಲ್ಕು ವರ್ಷ. ಎರಡು ತಿಂಗಳ ಹಿಂದೆ ನನ್ನ ಅಮ್ಮ ತೀರಿಕೊಂಡರು. ಆಮೇಲಿಂದ ಆಗಾಗ ಅಳು ಬರುತ್ತದೆ. ಅತ್ತಾಗಲೆಲ್ಲ ಸಯಾಮೀಸ್ ಓಡಿ ಬಂದು ತೊಡೆ ಮೇಲೆ ಹತ್ತುತ್ತದೆ, ಮುಖ ನೋಡಿ ಕೂಗುತ್ತದೆ. ಪರ್ಷಿಯನ್ ಮಾತ್ರ ಎದ್ದು ಬೇರೆ ರೂಮಿಗೆ ಹೋಗಿಬಿಡುತ್ತದೆ. ಎತ್ತಿ ಅಪ್ಪಿಕೊಂಡರೆ ಕೊಸರಿಕೊಂಡು ಇಳಿಯುತ್ತದೆ. ಪರ್ಷಿಯನ್ ತಳಿಯೇ ಹಾಗೆ, ಯಾರನ್ನೂ ಹಚ್ಚಿಕೊಳ್ಳುವುದಿಲ್ಲ ಎಂದು ಮನೆಯವರು ಹೇಳುತ್ತಾರೆ. ನಿಜವಾ? ಅದಕ್ಕೆ ನನ್ನ ಮೇಲೆ ಪ್ರೀತಿ ಇಲ್ವಾ?

ಡಾಕ್ಟರ್:
ಅಮ್ಮನ ವಿಷಯ ಕೇಳಿ ತುಂಬಾ ಬೇಸರವಾಯಿತು. ಎರಡು ತಿಂಗಳು ಏನೂ ಅಲ್ಲ, ಅಳು ಬರುವುದು ಸಹಜ. ಬೆಕ್ಕಿಗೆ ತೊಂದರೆಯಾಗುತ್ತದೆ ಎಂದು ಅಳುವನ್ನು ತಡೆಯಬೇಡಿ.

ಪ್ರೀತಿ ಇಲ್ವಾ ಎಂಬ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಎದ್ದು ಹೋಗುವುದನ್ನು ನೋಡಿ ಪ್ರೀತಿಯನ್ನು ಅಳೆಯಲು ಆಗುವುದಿಲ್ಲ. ನಮ್ಮ ಮನಸ್ಥಿತಿ ಬದಲಾದದ್ದು ಬೆಕ್ಕಿಗೆ ಗೊತ್ತಾಗುತ್ತದೆ. ಇಟಲಿಯ ಬಾರಿ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಕ್ಕುಗಳು ಮನುಷ್ಯರ ನಗುವ ಮುಖವನ್ನು ನಗುವ ದನಿಯ ಜೊತೆ, ಸಿಟ್ಟಿನ ಮುಖವನ್ನು ಸಿಟ್ಟಿನ ದನಿಯ ಜೊತೆ ಹೊಂದಿಸಿ ನೋಡಿದವು. ಅಮೆರಿಕದಲ್ಲಿ 2016ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಮಾಲೀಕರು ನಗುಮುಖದಲ್ಲಿದ್ದಾಗ ಬೆಕ್ಕುಗಳು ಅವರ ಹತ್ತಿರ ಜಾಸ್ತಿ ಹೊತ್ತು ಇದ್ದವು, ಮುಖ ಗಂಟಿಕ್ಕಿದಾಗ ಕಡಿಮೆ. ಅಪರಿಚಿತರು ನಕ್ಕರೂ ಗಂಟಿಕ್ಕಿದರೂ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಅಂದರೆ ಬೆಕ್ಕು ಓದುವುದು ಮುಖ್ಯವಾಗಿ ತನ್ನವರ ಮುಖವನ್ನು.

ಆದರೆ ಗೊತ್ತಾಗುವುದು ಬೇರೆ, ಸಮಾಧಾನ ಮಾಡಲು ಬರುವುದು ಬೇರೆ. ಸ್ವಿಟ್ಜರ್ಲೆಂಡಿನ ಬೆಕ್ಕುತಜ್ಞ ಡೆನಿಸ್ ಟರ್ನರ್ ಮತ್ತು ಸಂಗಡಿಗರು ಒಂಟಿಯಾಗಿ ಇರುವವರ ಬೇಸರದ ಹೊತ್ತಿನಲ್ಲಿ ಬೆಕ್ಕು ಏನು ಮಾಡುತ್ತದೆ ಎಂದು ಗಮನಿಸಿದ್ದರು. 1999ರಲ್ಲಿ ಅದು ಪ್ರಕಟವಾಯಿತು. ಬೇಸರದಲ್ಲಿದ್ದಾರೆ ಎಂದು ಬೆಕ್ಕು ತಾನಾಗಿ ಜಾಸ್ತಿ ಹತ್ತಿರ ಹೋಗಲಿಲ್ಲ. ಒಮ್ಮೆ ಒಡನಾಟ ಶುರುವಾದ ಮೇಲೆ ಮಾತ್ರ ತಲೆ, ಪಕ್ಕೆ ಉಜ್ಜುವುದು ಹೆಚ್ಚಾಯಿತು. ಬೆಕ್ಕಿನ ಸ್ವಭಾವ ಗೊತ್ತಿರುವವರಿಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ.

ತಳಿಯ ವಿಷಯಕ್ಕೆ ಬರೋಣ. ಸಯಾಮೀಸ್ ಮಾತುಗಾರ ತಳಿ. ಹಸಿವಾದರೂ ಕೂಗುತ್ತದೆ, ಬಾಗಿಲು ಮುಚ್ಚಿದರೂ ಕೂಗುತ್ತದೆ, ನಿಮ್ಮ ದನಿ ಬದಲಾದರೂ ಕೂಗುತ್ತದೆ. ಅದಕ್ಕೆ ಅನ್ನಿಸಿದ್ದೆಲ್ಲ ಹೊರಗೆ ಬರುತ್ತದೆ. ಪರ್ಷಿಯನ್ ಶಾಂತ. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 4,300ಕ್ಕೂ ಹೆಚ್ಚು ಬೆಕ್ಕುಗಳ ಬಗ್ಗೆ ಮಾಲೀಕರನ್ನು ಕೇಳಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅತಿ ಕಡಿಮೆ ಚಟುವಟಿಕೆಯ ತಳಿಗಳಲ್ಲಿ ಪರ್ಷಿಯನ್ ಇತ್ತು. ಅತಿ ಚುರುಕು ಬೆಂಗಾಲ್, ಅತಿ ಹೆದರಿಕೆಯದು ರಷ್ಯನ್ ಬ್ಲೂ, ಅತಿ ಧೈರ್ಯದ್ದು ಅಬಿಸೀನಿಯನ್. ಹಾಗಾಗಿ ನಿಮ್ಮ ಅಳು ಕೇಳಿ ಒಂದು ಕೂಗುವುದು, ಇನ್ನೊಂದು ಸದ್ದಿಲ್ಲದ ಜಾಗ ಹುಡುಕುವುದು ತಳಿಗೆ ತಕ್ಕಂತೆಯೇ ಇದೆ. ತಳಿ ಹೇಳುವುದು ಇಷ್ಟೇ: ಅದು ಹೇಗೆ ತೋರಿಸುತ್ತದೆ, ಎಷ್ಟು ಜೋರಾಗಿ ತೋರಿಸುತ್ತದೆ. ನಿಮ್ಮನ್ನು ಎಷ್ಟು ಹಚ್ಚಿಕೊಂಡಿದೆ ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ನಿಮ್ಮ ಬರಹದಲ್ಲಿ ಒಂದು ಮಾತು ಮಾತ್ರ ನನ್ನನ್ನು ಕಾಡುತ್ತಿದೆ. ಎತ್ತಿಕೊಂಡರೆ ಕೊಸರಿಕೊಳ್ಳುತ್ತದೆ ಎಂದಿದ್ದೀರಿ. ಮುಂಚೆಯೂ ಹಾಗೇ ಮಾಡುತ್ತಿತ್ತಾ? ಊಟ, ನಿದ್ದೆ, ಮೈ ನೆಕ್ಕಿಕೊಳ್ಳುವುದರಲ್ಲಿ ಏನಾದರೂ ಬದಲಾಗಿದೆಯಾ? ನೋಡಿ ಬರೆಯಿರಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ನಮ್ಮದು ಸ್ಕಾಟಿಷ್ ಫೋಲ್ಡ್, ಮೂರು ವರ್ಷ. ನನಗೆ ಆಫೀಸಿನಲ್ಲಿ ಬೇಜಾರಾದ ದಿನ ಅದೂ ಮುಖ ಸಪ್ಪೆ ಮಾಡಿಕೊಂಡು ಪಕ್ಕದಲ್ಲಿ ಕೂತಿರುತ್ತದೆ. ಎಲ್ಲಿಗೂ ಹಾರುವುದಿಲ್ಲ, ಆಡುವುದಿಲ್ಲ. ಈ ತಳಿಗೆ ಮನುಷ್ಯರ ನೋವು ಜಾಸ್ತಿ ಅರ್ಥವಾಗುತ್ತಾ?

ಡಾಕ್ಟರ್:
ಅದು ಪಕ್ಕದಲ್ಲಿ ಬಂದು ಕೂರುವುದು ನಿಜ, ಅದನ್ನು ನಂಬಿ. ಆದರೆ ಮುಖ ಸಪ್ಪೆ ಎನ್ನುವುದನ್ನು ನಂಬಬೇಡಿ. 2020ರಲ್ಲಿ ಬೇರೆ ಬೇರೆ ತಳಿಗಳ ಸುಮಾರು 2,000 ಬೆಕ್ಕುಗಳ ಮುಖದ ಫೋಟೋಗಳನ್ನು ಅಳೆದು ನೋಡಿದ ಒಂದು ಅಧ್ಯಯನ ಬಂತು. ನೋವಿನಲ್ಲಿರುವ ಬೆಕ್ಕಿನ ಮುಖಕ್ಕೆ ಕೆಲವು ಲಕ್ಷಣಗಳಿವೆ. ಸ್ಕಾಟಿಷ್ ಫೋಲ್ಡ್‌ನ ಮುಖ ಸುಮ್ನೆ ಇರುವಾಗಲೂ ಆ ಲಕ್ಷಣಗಳನ್ನೇ ಹೋಲುತ್ತದೆ. ಚಪ್ಪಟೆ ಮುಖದ ಪರ್ಷಿಯನ್‌ನಂಥ ತಳಿಗಳದ್ದೂ ಸ್ವಲ್ಪ ಹೀಗೇ. ಮೂಳೆ ಮತ್ತು ಕಿವಿಯ ಆಕಾರ ಹಾಗಿದೆ, ಅಷ್ಟೇ. ನಾವು ಬೇಸರದಲ್ಲಿದ್ದಾಗ ಆ ಮುಖ ನೋಡಿದರೆ ಅದಕ್ಕೂ ಬೇಸರವಾಗಿದೆ ಅನ್ನಿಸುತ್ತದೆ. ನಾವು ಖುಷಿಯಲ್ಲಿದ್ದ ದಿನ ಅದೇ ಮುಖ ಮುದ್ದಾಗಿ ಕಾಣುತ್ತದೆ.

ಇದರಿಂದ ಒಂದು ತೊಂದರೆ ಇದೆ. ಇಂಥ ಬೆಕ್ಕಿಗೆ ನಿಜವಾಗಿ ನೋವಾದಾಗ ನಮಗೆ ಮುಖದಲ್ಲಿ ಗೊತ್ತಾಗುವುದಿಲ್ಲ. ಹಾರುವುದಿಲ್ಲ, ಆಡುವುದಿಲ್ಲ ಎಂದು ಬರೆದಿದ್ದೀರಲ್ಲ, ನನಗೆ ಅದರದೇ ಚಿಂತೆ. ಸ್ಕಾಟಿಷ್ ಫೋಲ್ಡ್‌ನ ಕಿವಿ ಮಡಚುವುದೇ ಮೃದ್ವಸ್ಥಿಯ, ಅಂದರೆ ಮೆತ್ತನೆಯ ಎಲುಬಿನ, ದೋಷದಿಂದ. ಆ ದೋಷ ಕಿವಿಗೆ ಮಾತ್ರ ಸೀಮಿತವಲ್ಲ, ಕಾಲಿನ ಕೀಲು ಮತ್ತು ಬಾಲದಲ್ಲೂ ಇರುತ್ತದೆ. ಕೆಲವಕ್ಕೆ ಚಿಕ್ಕ ವಯಸ್ಸಿನಲ್ಲೇ ಕೀಲು ನೋವು ಶುರುವಾಗುತ್ತದೆ. ತುಂಬಾ ಸಮಾಧಾನದ ಬೆಕ್ಕು, ಕೂತಲ್ಲೇ ಕೂತಿರುತ್ತದೆ ಎಂದು ಮೆಚ್ಚುವ ಬೆಕ್ಕು ನಿಜದಲ್ಲಿ ಕಾಲು ನೋವಿಗೆ ಕೂತಿರಬಹುದು.

ಸೋಫಾದಿಂದ ಇಳಿಯುವಾಗ ಮುಂಗಾಲು ಊರಿ ತಡೆಯುತ್ತದಾ ನೋಡಿ. ಬಾಲ ಸುಲಭವಾಗಿ ಬಾಗುತ್ತದಾ, ಬುಡದಲ್ಲಿ ಬಿಗಿಯಾಗಿದೆಯಾ ಗಮನಿಸಿ. ಬಲವಂತವಾಗಿ ಎಳೆಯಬೇಡಿ. ಕಾಲು ಗಿಡ್ಡವಾಗಿ, ಪಾದ ದಪ್ಪವಾಗಿ ಕಂಡರೂ ಸರಿ, ಕಾಣದಿದ್ದರೂ ಸರಿ, ಒಮ್ಮೆ ಎಕ್ಸ್‌ರೇ ಮಾಡಿಸಿ. ನೋವಿಗೆ ಒಳ್ಳೆಯ ಔಷಧಿಗಳಿವೆ. ಮನುಷ್ಯರ ನೋವಿನ ಮಾತ್ರೆ ಮಾತ್ರ ಕೊಡಲೇಬೇಡಿ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ.

ಪ್ರಶ್ನೆ:
ನಮ್ಮ ಬೆಂಗಾಲ್ ಮೊನ್ನೆ ನನ್ನ ಕಾಲಿಗೆ ರಕ್ತ ಬರುವಂತೆ ಕಚ್ಚಿತು. ನಾನೂ ಗಂಡನೂ ಜೋರಾಗಿ ಜಗಳ ಆಡುತ್ತಿದ್ದೆವು, ಅದು ನಿಜ. ಆದರೆ ಬೆಕ್ಕಿಗೆ ನಾನೇನೂ ಮಾಡಿರಲಿಲ್ಲ. ಗಂಡನ ಪಕ್ಷ ವಹಿಸಿತಾ?

ಡಾಕ್ಟರ್:
ಮೊದಲು ಗಾಯದ ಮಾತು. ಬೆಕ್ಕಿನ ಹಲ್ಲು ಆಳಕ್ಕೆ ಇಳಿಯುತ್ತದೆ, ಮೇಲೆ ಸಣ್ಣದಾಗಿ ಕಂಡರೂ ಒಳಗೆ ಕೀವಾಗಬಹುದು. ಸೋಪು ಹಾಕಿ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು ಇವತ್ತೇ ನಿಮ್ಮ ಡಾಕ್ಟರ್‌ಗೆ ತೋರಿಸಿ. ರೇಬೀಸ್ ಚುಚ್ಚುಮದ್ದಿನ ವಿಷಯವನ್ನೂ ಅವರನ್ನೇ ಕೇಳಿ.

ಬೆಕ್ಕು ಯಾರ ಪಕ್ಷವನ್ನೂ ವಹಿಸಿಲ್ಲ. ಜೋರು ದನಿ, ಬಾಗಿಲು ಬಡಿತ, ಬಿರುಸಿನ ಓಡಾಟಕ್ಕೆ ಅದಕ್ಕೆ ವಿಪರೀತ ಗಾಬರಿಯಾಗಿದೆ. ಗಾಬರಿಯ ಮೂಲಕ್ಕೆ ಎದುರು ನಿಲ್ಲಲು ಆಗದೆ, ಹತ್ತಿರ ಚಲಿಸಿದ ಕಾಲಿಗೆ ಬಾಯಿ ಹಾಕಿದೆ. ಇದು ಯಾವ ತಳಿಯಲ್ಲೂ ಆಗುತ್ತದೆ. ಬೆಂಗಾಲ್‌ನಲ್ಲಿ ಚುರುಕು ಜಾಸ್ತಿ ಆದ್ದರಿಂದ ಎಲ್ಲವೂ ಬೇಗ ನಡೆದುಹೋಗುತ್ತದೆ. ರಷ್ಯನ್ ಬ್ಲೂ ಇದ್ದಿದ್ದರೆ ಬಹುಶಃ ಮಂಚದ ಕೆಳಗೆ ಸೇರಿಕೊಳ್ಳುತ್ತಿತ್ತು, ನಿಮಗೆ ಗೊತ್ತೂ ಆಗುತ್ತಿರಲಿಲ್ಲ. ಗಾಬರಿ ಎರಡಕ್ಕೂ ಒಂದೇ.

ಹಾಗೆ ಕೆರಳಿದ ಬೆಕ್ಕನ್ನು ಆಗಲೇ ಮುದ್ದು ಮಾಡಲು ಹೋಗಬೇಡಿ. ಶಾಂತವಾಗಲು ಕೆಲವು ಗಂಟೆಯೂ ಬೇಕಾಗಬಹುದು. ಮಂದ ಬೆಳಕಿನ ರೂಮಿನಲ್ಲಿ ನೀರು, ಲಿಟರ್ ಟ್ರೇ (ಬೆಕ್ಕು ಮಲಮೂತ್ರ ಮಾಡುವ ತಟ್ಟೆ) ಇಟ್ಟು ಬಿಟ್ಟುಬಿಡಿ. ಎತ್ತರದಲ್ಲಿ ಕೂರಲು ಅದಕ್ಕೊಂದು ಜಾಗ ಬೇಕು. ಜಗಳ ಶುರುವಾದರೆ ಹತ್ತಿ ಕೂರಲು ಅನುಕೂಲ.

ಪ್ರಶ್ನೆ:
ಮನೆ ಬದಲಾಯಿಸಿದ ಟೆನ್ಷನ್‌ನಲ್ಲಿ ನಾನಿದ್ದೇನೆ, ಬೆಕ್ಕೂ ಟೆನ್ಷನ್ ಮಾಡಿಕೊಂಡಿದೆ. ಮಾಮೂಲಿ ಬೆಕ್ಕು, ತಳಿ ಏನಿಲ್ಲ, ಗಂಡು. ನಿನ್ನೆ ರಾತ್ರಿಯಿಂದ ಲಿಟರ್ ಟ್ರೇಗೆ ಹೋಗಿ ಹೋಗಿ ಕೂರುತ್ತದೆ, ಏನೂ ಬರುವುದಿಲ್ಲ. ಕೂಗುತ್ತದೆ. ಮನಸ್ಸಿಗೆ ಏನಾದರೂ ಔಷಧಿ ಇದೆಯಾ?

ಡಾಕ್ಟರ್:
ದಯವಿಟ್ಟು ಈಗಲೇ ಹತ್ತಿರದ ಪಶುವೈದ್ಯರಲ್ಲಿಗೆ ಹೋಗಿ. ನಾಳೆಗೆ ಬಿಡಬೇಡಿ. ಗಂಡು ಬೆಕ್ಕಿನ ಮೂತ್ರನಾಳ ಸಣ್ಣದು, ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ. ಒತ್ತಡದಿಂದ ಮೂತ್ರಕೋಶದ ಉರಿ ಬರುವುದು ಹೌದು, ಆದರೆ ಆ ಮಾತು ಆಮೇಲೆ. ಹೊಟ್ಟೆ ಒತ್ತಿ ನೋಡಲು ಹೋಗಬೇಡಿ. ಹೊರಡಿ, ಅಲ್ಲಿಗೆ ಹೋದ ಮೇಲೆ ಬರೆಯಿರಿ.

(ಎರಡು ಗಂಟೆಯ ನಂತರ ಅವರು ಬರೆದರು: ನಾಳ ಕಟ್ಟಿತ್ತು, ಪೈಪು ಹಾಕಿ ಮೂತ್ರ ತೆಗೆದಿದ್ದಾರೆ, ಅಡ್ಮಿಟ್ ಮಾಡಿಕೊಂಡಿದ್ದಾರೆ.)

ಡಾಕ್ಟರ್:
ಸದ್ಯ, ಹೊತ್ತಿಗೆ ಸರಿಯಾಗಿ ಹೋದಿರಿ. ಮನೆಗೆ ಬಂದ ಮೇಲೂ ಕೆಲವು ದಿನ ಮತ್ತೆ ಕಟ್ಟುವ ಸಾಧ್ಯತೆ ಇರುತ್ತದೆ, ಟ್ರೇ ಮೇಲೆ ಕಣ್ಣಿಡಿ.

ಪ್ರಶ್ನೆ:
ಮಗಳಿಗೆ ಹದಿನಾರು. ಆತಂಕದ ಸಮಸ್ಯೆಗೆ ಚಿಕಿತ್ಸೆ ನಡೆಯುತ್ತಿದೆ. ಬೆಕ್ಕು ಸಾಕಬೇಕೆಂದು ಅವಳ ಆಸೆ. ರ‍್ಯಾಗ್‌ಡಾಲ್ ತಗೊಳ್ಳಿ, ಮನಸ್ಸು ಅರ್ಥ ಮಾಡಿಕೊಳ್ಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬ್ರಿಟಿಷ್ ಶಾರ್ಟ್‌ಹೇರ್ ಬೇಡ, ಕಲ್ಲು ಮನಸ್ಸಿನದು ಎನ್ನುತ್ತಾರೆ. ನೀವೇನು ಹೇಳುತ್ತೀರಿ?

ಡಾಕ್ಟರ್:
ಕಲ್ಲು ಮನಸ್ಸು ಎನ್ನುವುದು ಅನ್ಯಾಯದ ಮಾತು. ಹೆಲ್ಸಿಂಕಿಯದೇ 2019ರ ಅಧ್ಯಯನದಲ್ಲಿ, 5,726 ಬೆಕ್ಕುಗಳ ಲೆಕ್ಕದಲ್ಲಿ, ಮನುಷ್ಯರ ಹತ್ತಿರ ತಾನಾಗಿ ಬರುವುದು ಬ್ರಿಟಿಷ್ ಶಾರ್ಟ್‌ಹೇರ್‌ನಲ್ಲಿ ಕಡಿಮೆ ಎಂದು ಕಂಡದ್ದು ನಿಜ. ಕೊರಾಟ್, ಡೆವನ್ ರೆಕ್ಸ್ ಇದಕ್ಕೆ ವಿರುದ್ಧ. ಆದರೆ ತೊಡೆ ಮೇಲೆ ಕೂರದ ಬೆಕ್ಕು ಅದೇ ರೂಮಿನಲ್ಲಿ ನಾಲ್ಕು ಅಡಿ ದೂರದಲ್ಲಿ ದಿನವಿಡೀ ಇರುತ್ತದೆ. ಆತಂಕ ಇರುವವರಿಗೆ ಕೆಲವೊಮ್ಮೆ ಅಂಥ ಬೆಕ್ಕೇ ಹಿತ.

ಅದೇ ಅಧ್ಯಯನದಲ್ಲಿ ಮೇನ್ ಕೂನ್, ರ‍್ಯಾಗ್‌ಡಾಲ್, ಟರ್ಕಿಷ್ ವ್ಯಾನ್ ಈ ಮೂರು ತಳಿಗಳಲ್ಲಿ ಸ್ವಭಾವದ ವ್ಯತ್ಯಾಸಕ್ಕೆ ವಂಶದ ಪಾಲು ಸುಮಾರು ಅರ್ಧ ಎಂದು ಲೆಕ್ಕ ಹಾಕಿದ್ದಾರೆ. ಉಳಿದ ಅರ್ಧ ಬೆಳೆದ ರೀತಿಯಿಂದ. ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದವರೆಗೆ ಮರಿಯನ್ನು ಜನ ಮೃದುವಾಗಿ ಎತ್ತಿ ಆಡಿಸಿದ್ದರೆ ಅದು ಮನುಷ್ಯರನ್ನು ನಂಬುತ್ತದೆ. ತಂದೆ ಬೆಕ್ಕು ಧೈರ್ಯದ್ದಾಗಿದ್ದರೆ ಮರಿಗೂ ಆ ಗುಣ ಬರುವುದು ಜಾಸ್ತಿ. ತಳಿಯ ಹೆಸರು ಕೇಳುವ ಮುಂಚೆ ಈ ಎರಡನ್ನು ಕೇಳಿ.

ನನ್ನನ್ನು ಕೇಳಿದರೆ, ಮರಿಯ ಬದಲು ಎರಡು ವರ್ಷ ದಾಟಿದ ಬೆಕ್ಕು ತಗೊಳ್ಳಿ. ಅದರ ಸ್ವಭಾವ ಆಗಲೇ ಕಣ್ಣೆದುರು ಇರುತ್ತದೆ. ಮಗಳು ನೆಲದ ಮೇಲೆ ಸುಮ್ನೆ ಕೂರಲಿ, ಕರೆಯದಿರಲಿ. ಒಂದು ಹತ್ತು ನಿಮಿಷದಲ್ಲಿ ಯಾವುದು ಬಂದು ಬೆರಳು ಮೂಸಿ ಕೆನ್ನೆ ಉಜ್ಜುತ್ತದೋ ಅದನ್ನು ತನ್ನಿ. ಒಂದು ವಿನಂತಿ: ನಿನ್ನನ್ನು ಸಮಾಧಾನ ಮಾಡಲು ಇದನ್ನು ತಂದಿದ್ದೇವೆ ಎಂದು ಮಗಳಿಗೆ ಹೇಳಬೇಡಿ. ಬೆಕ್ಕು ಬರದ ದಿನ ಅವಳಿಗೆ ತನ್ನದೇ ತಪ್ಪು ಅನ್ನಿಸಬಾರದು.

ಮೊದಲು ಕೇಳಿದವರು:
ಡಾಕ್ಟ್ರೇ, ಪರ್ಷಿಯನ್ ಬಗ್ಗೆ ನೀವು ಕೇಳಿದ್ದನ್ನು ನೋಡಿದೆ. ಮುಂಚೆ ಎತ್ತಿದರೆ ಕೊಸರುತ್ತಿರಲಿಲ್ಲ. ಈಗ ಊಟ ಅರ್ಧ ಬಿಡುತ್ತದೆ. ಜಾಸ್ತಿ ಹೊತ್ತು ಮಂಚದ ಕೆಳಗೆ ಇರುತ್ತದೆ. ಮುಂಗಾಲಿನ ಸಂದಿಯಲ್ಲಿ, ಹೊಟ್ಟೆಯಲ್ಲಿ ಕೂದಲು ಗಂಟಾಗಿದೆ. ದಿನಾ ಸಂಜೆ ಬಾಚುತ್ತಿದ್ದದ್ದು ಅಮ್ಮ. ಬೆಳಗ್ಗೆ ಊಟ ಹಾಕುತ್ತಿದ್ದದ್ದೂ ಅವರೇ. ನನಗೆ ಇದು ಹೊಳೆದೇ ಇರಲಿಲ್ಲ.

ಡಾಕ್ಟರ್:
ನಿಮ್ಮ ಪರಿಸ್ಥಿತಿಯಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ. ಈಗ ಚಿತ್ರ ಸ್ಪಷ್ಟವಾಯಿತು. ಅದು ನಿಮ್ಮ ಅಳುವಿಗೆ ಮಾತ್ರ ಎದ್ದು ಹೋಗುತ್ತಿಲ್ಲ. ದಿನಾ ಊಟ ಹಾಕಿ ಬಾಚುತ್ತಿದ್ದ ಕೈ ಮನೆಯಿಂದ ಕಾಣೆಯಾಗಿದೆ. ಹಚ್ಚಿಕೊಂಡವರು ಇಲ್ಲವಾದಾಗ ಬೆಕ್ಕು ಊಟ ಬಿಡುವುದು, ಅಡಗಿ ಕೂರುವುದು ಇದೆ. ಜೊತೆಗೆ ಗಂಟು ಕಟ್ಟಿದ ಕೂದಲು ಚರ್ಮವನ್ನು ಎಳೆಯುತ್ತದೆ. ಅಪ್ಪಿಕೊಂಡಾಗ ಸರಿಯಾಗಿ ಮುಂಗಾಲ ಸಂದಿಯಲ್ಲೇ ಕೈ ಹೋಗುತ್ತದೆ ಅಲ್ವಾ? ಅಲ್ಲಿ ನೋಯುತ್ತಿದೆ, ಅದಕ್ಕೇ ಕೊಸರುತ್ತದೆ.

ಗಂಟನ್ನು ಕತ್ತರಿಯಿಂದ ಕತ್ತರಿಸಬೇಡಿ. ಬೆಕ್ಕಿನ ಚರ್ಮ ತೆಳು, ಗಂಟಿನ ಜೊತೆ ಎದ್ದು ಬರುತ್ತದೆ, ಕತ್ತರಿಸಿ ಹೋಗುತ್ತದೆ. ಕ್ಲಿನಿಕ್‌ನಲ್ಲಿ ಮೆಷಿನ್‌ನಿಂದ ತೆಗೆಸಿ. ಹಾಗೇ ತೂಕ ನೋಡಿಸಿ, ಬಾಯಿ ಪರೀಕ್ಷೆ ಮಾಡಿಸಿ. ಊಟ ಬಿಡಲು ಹಲ್ಲು ನೋವೂ ಕಾರಣವಿರಬಹುದು. ಇದನ್ನೆಲ್ಲ ದುಃಖದ ಲೆಕ್ಕಕ್ಕೇ ಹಾಕಿ ಬಿಡುವುದು ಬೇಡ.

ಮೊದಲು ಕೇಳಿದವರು:
ತೋರಿಸಿಕೊಂಡು ಬಂದೆ. ಗಂಟು ತೆಗೆದರು. ಕೆಳಗೆ ಚರ್ಮ ಕೆಂಪಾಗಿತ್ತು, ಮುಲಾಮು ಕೊಟ್ಟಿದ್ದಾರೆ. ಹಲ್ಲು ಸರಿ ಇದೆ. ತೂಕ 4.2 ಕಿಲೋ ಇದ್ದದ್ದು 3.9 ಆಗಿದೆ. ಮನೆಗೆ ಬಂದ ಮೇಲೆ ಏನು ಮಾಡಲಿ?

ಡಾಕ್ಟರ್:
300 ಗ್ರಾಂ ನಮಗೆ ಏನೂ ಅಲ್ಲ, ಆ ಬೆಕ್ಕಿಗೆ ಜಾಸ್ತಿಯೇ. ಅಮ್ಮ ಊಟ ಹಾಕುತ್ತಿದ್ದ ಹೊತ್ತಿಗೇ, ಅದೇ ಜಾಗದಲ್ಲಿ, ಅದೇ ಬಟ್ಟಲಲ್ಲಿ ಹಾಕಿ. ಸ್ವಲ್ಪ ಬೆಚ್ಚಗೆ ಮಾಡಿದರೆ ವಾಸನೆ ಎದ್ದು ತಿನ್ನುವ ಮನಸ್ಸಾಗುತ್ತದೆ. ಬಾಚುವುದು ಸಂಜೆಯೇ ಇರಲಿ. ಮೊದಲ ವಾರ ಕೆನ್ನೆ, ಬೆನ್ನು ಮಾತ್ರ, ಎರಡು ಮೂರು ನಿಮಿಷ. ಕೆಂಪಾದ ಜಾಗ ವಾಸಿಯಾಗುವವರೆಗೆ ಹೊಟ್ಟೆ ಮುಟ್ಟಬೇಡಿ. ಎತ್ತಿಕೊಳ್ಳುವುದನ್ನು ಸದ್ಯಕ್ಕೆ ಬಿಡಿ. ಮಂಚದ ಪಕ್ಕ ನೆಲದಲ್ಲಿ ಕೂತು, ಅದು ನೋಡಿದಾಗ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ಹಾಗೆ ಮಾಡಿದರೆ ಬೆಕ್ಕುಗಳೂ ಕಣ್ಣು ಕಿರಿದು ಮಾಡಿ ಉತ್ತರಿಸುತ್ತವೆ, ಅಪರಿಚಿತರ ಹತ್ತಿರವೂ ಬರುತ್ತವೆ ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದ್ದಾರೆ. ಅಳು ಬಂದರೆ ಅಲ್ಲೇ ಅಳಿ, ಪರವಾಗಿಲ್ಲ. ಹಠಾತ್ತನೆ ಕೈ ಚಾಚಬೇಡಿ, ಅಷ್ಟೇ.

ಇಡೀ ಒಂದು ದಿನ ಏನೂ ತಿನ್ನದಿದ್ದರೆ ಕಾಯದೆ ಫೋನ್ ಮಾಡಿ. ಬೆಕ್ಕು ಕೆಲವು ದಿನ ಊಟ ಬಿಟ್ಟರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವ ಕಾಯಿಲೆ ಬರುತ್ತದೆ. ಮುಂದಿನ ವಾರ ಮತ್ತೆ ತೂಕ ಹಾಕಿ. 3.9ರಿಂದ ಇನ್ನೂ ಕೆಳಗೆ ಇಳಿದಿದ್ದರೆ ರಕ್ತ ಪರೀಕ್ಷೆ ಮಾಡಿಸೋಣ.