ರೌಟರಿನ ‘ನ್ಯಾಟ್’ ಏರ್ಪಾಡಿಗೆ ‘ವಿಳಾಸ ಅನುವಾದ’ ಎನ್ನಬಹುದೇ?

ರೌಟರ್ ಹೊಂದಿಸುವ ಕ್ರಮವನ್ನು ಕನ್ನಡದಲ್ಲಿ ವಿವರಿಸುವ ಕೈಪಿಡಿಯೊಂದರ ಕರಡನ್ನು ತಿದ್ದುತ್ತಿದ್ದೇನೆ. ಅದರಲ್ಲಿ ನ್ಯಾಟ್ (ನೆಟ್‌ವರ್ಕ್ ಅಡ್ರೆಸ್ ಟ್ರಾನ್ಸ್‌ಲೇಶನ್) ಏರ್ಪಾಡನ್ನು ಎಲ್ಲೆಡೆಯೂ ‘ಜಾಲ ವಿಳಾಸ ಅನುವಾದ’ ಎಂದು ಬರೆಯಲಾಗಿದೆ. ಟ್ರಾನ್ಸ್‌ಲೇಶನ್ ಎಂದ ಕೂಡಲೇ ನಿಘಂಟಿನ ಮೊದಲ ಅರ್ಥವನ್ನು ಎತ್ತಿಟ್ಟಂತಿರುವ ಈ ಪದ ನನಗೆ ಒಗ್ಗುತ್ತಿಲ್ಲ.

ನಡೆಯುವ ಕೆಲಸವನ್ನೇ ನೋಡಿ. ಒಳಜಾಲದಲ್ಲಿ 192.168.1.25 ಎಂಬ ವಿಳಾಸವುಳ್ಳ ಕಂಪ್ಯೂಟರು ತನ್ನ 51000ನೆಯ ಪೋರ್ಟಿನಿಂದ (ಒಂದೇ ಯಂತ್ರದ ಬೇರೆ ಬೇರೆ ಸಂಪರ್ಕಗಳನ್ನು ಗುರುತಿಸುವ ಸಂಖ್ಯೆಯಿದು) ಹೊರಗಿನ ಸರ್ವರಿಗೆ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಕಳಿಸುತ್ತದೆ. ಈ ವಿಳಾಸ ಖಾಸಗಿ ಬಳಕೆಗೆ ಮೀಸಲಾದ ಗುಂಪಿನದು. ಅಸಂಖ್ಯ ಒಳಜಾಲಗಳಲ್ಲಿ ಅದೇ ಇರಬಹುದಾದ್ದರಿಂದ ಉತ್ತರವು ಅದನ್ನು ಹುಡುಕಿಕೊಂಡು ಬರಲಾರದು. ಆದ್ದರಿಂದ ರೌಟರು ಪ್ಯಾಕೆಟ್ಟಿನ ಹೆಡರಿನಲ್ಲಿರುವ ಮೂಲ ವಿಳಾಸವನ್ನು ತೆಗೆದು, ಆ ಜಾಗದಲ್ಲಿ ತನ್ನ ಸಾರ್ವಜನಿಕ ವಿಳಾಸವನ್ನು, 203.0.113.7 ಎನ್ನೋಣ, 40001 ಎಂಬ ಬೇರೊಂದು ಪೋರ್ಟ್ ಸಂಖ್ಯೆಯೊಡನೆ ಬರೆದು, ಈ ಜೋಡಿಯನ್ನು ಕೋಷ್ಟಕದಲ್ಲಿ ಗುರುತಿಟ್ಟುಕೊಂಡು, ಉತ್ತರ ಬಂದಾಗ ಹಳೆಯ ವಿಳಾಸವನ್ನೇ ತಿರುಗಿ ಕೂಡಿಸಿ ಒಳಗೆ ಬಿಡುತ್ತದೆ. ಅನುವಾದದಲ್ಲಿ ಮಾತು ಬೇರೆಯಾದರೂ ಅರ್ಥ ಉಳಿಯಬೇಕು. ಇಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ, ಅಷ್ಟೆ. (ನ್ಯಾಟ್ ಅನ್ನು ವಿವರಿಸುವ 1994ರ ಅಂತರಜಾಲ ತಾಂತ್ರಿಕ ದಾಖಲೆಯಾದ ಆರ್‌ಎಫ್‌ಸಿ 1631ರ ಶೀರ್ಷಿಕೆಯಲ್ಲಿ ಈ ಹೆಸರು ಕ್ರಿಯೆಯನ್ನಲ್ಲ, ಆ ಕೆಲಸ ಮಾಡುವ ಸಾಧನವನ್ನು ಸೂಚಿಸುತ್ತಿತ್ತು. ‘ವಿಳಾಸ ಅನುವಾದಕ’ ಎಂದರೆ ನಮಗೆ ಕನ್ನಡಕ ಹಾಕಿಕೊಂಡ ಒಬ್ಬ ವ್ಯಕ್ತಿಯೇ ಕಣ್ಣಿಗೆ ಕಟ್ಟುತ್ತಾನೆ.)

‘ವಿಳಾಸ ಪರಿವರ್ತನೆ’ ತಪ್ಪಲ್ಲ, ಆದರೆ ಕಡತದ ನಮೂನೆ ಬದಲಿಸುವುದಕ್ಕೂ ಅದೇ ಪದ ಸವೆದುಹೋಗಿದೆ. ‘ವಿಳಾಸಾಂತರ’ ಸಂಧಿಯ ದೃಷ್ಟಿಯಿಂದ ಅಚ್ಚುಕಟ್ಟಾಗಿದ್ದರೂ ಸ್ಥಳಾಂತರದ ನೆನಪು ತಂದು, ವಿಳಾಸ ಕಾಯಂ ಆಗಿ ಬದಲಾಯಿತೆಂಬ ಭ್ರಮೆ ಹುಟ್ಟಿಸುತ್ತದೆ. ನನ್ನ ಒಲವು ‘ವಿಳಾಸ ಬದಲಿ’ ಎಂಬುದರ ಕಡೆಗೆ. ಬದಲಿ ಶಿಕ್ಷಕ, ಬದಲಿ ಆಟಗಾರ ಎನ್ನುವಾಗ ಇನ್ನೊಬ್ಬರ ಪರವಾಗಿ ಸ್ವಲ್ಪ ಹೊತ್ತು ನಿಲ್ಲುವ ಅರ್ಥ ಅದರಲ್ಲಿ ಈಗಾಗಲೇ ಇದೆ. ‘ಸ್ಥಿರ ವಿಳಾಸ ಬದಲಿ’, ‘ಬದಲಿ ಕೋಷ್ಟಕ’ ಎಂದು ಮುಂದುವರಿಸುವುದೂ ಸುಲಭ. ಪೋರ್ಟ್ ಪೋರ್ಟ್ ಆಗಿಯೇ ಇರಲಿ, ಬಂದರು ಬೇಡ.

ನಿಜವಾದ ತೊಡಕು ಬೇರೆ ಕಡೆ ಇದೆ. ಸಿಸ್ಕೊ ರೌಟರುಗಳಲ್ಲಿ ನ್ಯಾಟ್ ಆದೇಶದ ಕೊನೆಗೆ ‘ಓವರ್‌ಲೋಡ್’ ಎಂದು ಸೇರಿಸಿದರೆ ಹಲವು ಯಂತ್ರಗಳು ಒಂದೇ ಸಾರ್ವಜನಿಕ ವಿಳಾಸವನ್ನು, ಪೋರ್ಟ್ ಸಂಖ್ಯೆಗಳ ಭೇದದಿಂದ, ಏಕಕಾಲಕ್ಕೆ ಬಳಸಬಹುದು. ಕರಡಿನಲ್ಲಿ ಇದು ‘ಅತಿಭಾರ’ವಾಗಿದೆ, ಓದಿದವರು ರೌಟರಿಗೆ ಏನೋ ಕೇಡಾಯಿತೆಂದೇ ತಿಳಿದಾರು. ಲಿನಕ್ಸ್‌ನಲ್ಲಿ ಇಂಥದೇ ಕೆಲಸಕ್ಕಿರುವ ‘ಮಾಸ್ಕರೇಡ್’ ಎಂಬ ಹೆಸರನ್ನು ‘ಛದ್ಮವೇಷ’ ಎಂದು ಬರೆದರೆ ಚೆಂದವೇನೋ ಹೌದು, ಆದರೆ ಹಂಚಿಕೊಳ್ಳುವ ಸಂಗತಿ ಮರೆಯಾಗುತ್ತದೆ. ಟೈಪಿಸಬೇಕಾದ ಆದೇಶಪದಗಳನ್ನು ಹಾಗೆಯೇ ಉಳಿಸಿ ವಿವರಣೆಯಲ್ಲಿ ಮಾತ್ರ ‘ವಿಳಾಸ ಹಂಚಿಕೆ’ ಎನ್ನೋಣವೆಂದರೆ, ಡಿಎಚ್‌ಸಿಪಿ ಎಂಬ ಏರ್ಪಾಡು ಯಂತ್ರಯಂತ್ರಕ್ಕೂ ವಿಳಾಸ ಕೊಡುವ ಕೆಲಸಕ್ಕೆ ಆ ಪದ ಕೈಪಿಡಿಯ ಹಿಂದಿನ ಅಧ್ಯಾಯದಲ್ಲೇ ಬಳಕೆಯಾಗಿಬಿಟ್ಟಿದೆ. ‘ಕೂಡುಬದಲಿ’ ಎಂಬುದೊಂದು ಹೊಳೆದಿದೆ. ವಿವರಣೆಯಿಲ್ಲದೆ ಅದು ಅರ್ಥವಾದೀತೇ, ಅಥವಾ ಇದಕ್ಕೆ ಈಗಾಗಲೇ ರೂಢಿಯಲ್ಲಿರುವ ಪದವನ್ನು ಯಾರಾದರೂ ಬಲ್ಲಿರಾ?